ಜಪಾನಿನವರಿಗಾಗಿ ಹಾಡಿದ ಹಾಡುಗಳು

ಮೊನ್ನೆ ಡೆಲ್ಫ್ಟ್‌ನಿಂದ ರೋಟರ್‌ಡ್ಯಾಮಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನ್ನ ಬಲಗಾಲು ನನ್ನನ್ನು ಕೇಳದೆ ಕುಣಿಯತೊಡಗಿತು. ಎದುರು ಸೀಟಿನ ಶಾಲೆಯ ಹುಡುಗಿ ಇಯರ್‌ಫೋನ್ ಮರೆತು ಬಂದಿದ್ದಳೋ, ಮರೆತಂತೆ ನಟಿಸುತ್ತಿದ್ದಳೋ, ಅವಳ ಮೊಬೈಲಿನಿಂದ ಹಾಡೊಂದು ಸಣ್ಣಗೆ ಸೋರುತ್ತಿತ್ತು. ಕಾಲಿಗೆ ಗುರುತು ಸಿಕ್ಕ ಸ್ವಲ್ಪ ಹೊತ್ತಿಗೆ ಕಿವಿಗೂ ಸಿಕ್ಕಿತು. ಓ, ಅದೇ ಹಾಡು! ಮನಸ್ಸಿನಲ್ಲೇ ಮುಂದಿನ ಸಾಲು ಹಿಡಿದುಕೊಂಡೆ. ಹಾಡು ಬೇರೆಯದೇ ಪದಗಳನ್ನು ಹೇಳಿತು. ರಾಗ ಅದೇ, ದನಿ ಅದೇ, ತಾಳವೂ ಅದೇ. ಪದ ಮಾತ್ರ ತಪ್ಪು. ಇದೇನು ತಪ್ಪು ತಪ್ಪಾಗಿ ಹಾಡುತ್ತಿದ್ದಾರಲ್ಲ ಎಂದು ನನಗೆ ನಿಜವಾಗಿಯೂ ಸಿಟ್ಟು ಬಂತು. ತಪ್ಪು ಯಾರದು ಎಂದು ಹೊಳೆಯುವಷ್ಟರಲ್ಲಿ ರೈಲು ಸ್ಕೀಡಾಮ್ ದಾಟಿತ್ತು. ಅದು ಕೊರಿಯಾದ ಹುಡುಗಿಯರ ಗುಂಪೊಂದರ ಹಾಡು, ಕೊರಿಯನ್ ಭಾಷೆಯಲ್ಲೇ ಇತ್ತು. ಜಗತ್ತಿಗೆಲ್ಲ ಗೊತ್ತಿರುವುದು ಆ ರೂಪವೇ. ನನಗೆ ಮಾತ್ರ ಅದು ಜಪಾನಿ ಭಾಷೆಯಲ್ಲಿ ಬಾಯಿಪಾಠವಾಗಿದೆ. ಮೈಸೂರಿನ ಹುಡುಗಿಯೊಬ್ಬಳು ಹಾಲೆಂಡಿನಲ್ಲಿ ಕುಳಿತು ಕೊರಿಯಾದವರ ಹಾಡನ್ನು ಜಪಾನಿಯಲ್ಲಿ ಗುನುಗುವುದು ಹೇಗಾಯಿತೆಂದು ನೀವು ಕೇಳದಿದ್ದರೂ ನಾನು ಹೇಳಬೇಕು. ಹೇಳದಿದ್ದರೆ ಈ ಕಾಲು ನಿಲ್ಲುವಂತಿಲ್ಲ.

ನಾನು ದಿನಚರಿ ಬರೆಯುವವಳು. ಹೀಗೆಂದ ಕೂಡಲೇ ಕೆಲವರ ಕಣ್ಣು ಅರಳುತ್ತದೆ. ಓದಲು ಕೊಟ್ಟರೆ ಎರಡನೇ ಪುಟಕ್ಕೆ ಆಕಳಿಸುತ್ತಾರೆ. ತಾರೀಖು, ಹವೆ, ಓದಿದ ಪುಟ, ಕುಡಿದ ಕಾಫಿ, ಮನೆಗೆ ಮಾಡಿದ ಫೋನು, ಅಷ್ಟೇ ಅದರಲ್ಲಿರುವುದು. ಚಿಕ್ಕಂದಿನಲ್ಲಿ ಅಪ್ಪ ಕೊಡಿಸಿದ ಮೊದಲ ಡೈರಿಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಆ ದಿನ ತಿಂದ ದೋಸೆಗಳ ಸಂಖ್ಯೆ ಬರೆದಿದ್ದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಸಾಹಿತ್ಯ ಹೆಚ್ಚೇನೂ ಮುಂದುವರಿದಿಲ್ಲ. 2021ರ ಫೆಬ್ರವರಿ 9, ಮಂಗಳವಾರದ ಪುಟ ಹೀಗಿದೆ: ‘ಹಿಮ. ಕಾಫಿ ನಾಲ್ಕು. ಥೀಸಿಸ್ ಅರ್ಧ ಪುಟ. ಶರಧಿಯ ಪಾರ್ಸೆಲ್ ಬಂತು, ಕಿರುಚಿದಳು.’

ಶರಧಿ ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು. ಉಡುಪಿಯವಳು, ಡೆಲ್ಫ್ಟ್‌ನ ವಿಶ್ವವಿದ್ಯಾಲಯದಲ್ಲಿ ನನಗಿಂತ ಒಂದು ವರ್ಷ ಮುಂದಿದ್ದಳು. ಕಾಲುವೆಯ ಪಕ್ಕದ ಕಿರಿದಾದ ಮನೆಯೊಂದರ ಮೇಲಿನ ಅಂತಸ್ತು ನಮ್ಮದು: ಅವಳಿಗೊಂದು ಕೋಣೆ, ನನಗೊಂದು ಕೋಣೆ, ಮಧ್ಯೆ ಒಂದು ಅಡುಗೆಮನೆ. ಕೊರೋನಾ ಬಂದ ವರ್ಷವೇ ಅವಳ ಓದು ಮುಗಿಯಿತು. ಓದು ಮುಗಿಸಿದ ಹೊರದೇಶದವರಿಗೆ ಇಲ್ಲಿ ಒಂದು ವರ್ಷದ ಪರವಾನಗಿ ಕೊಡುತ್ತಾರೆ. ಝೂಕ್‌ಯಾರ್ ಎಂದು ಅದರ ಹೆಸರು, ಹುಡುಕುವ ವರ್ಷ ಎಂದರ್ಥ. ಅಷ್ಟರೊಳಗೆ ಕೆಲಸ ಹುಡುಕಿಕೊಂಡರೆ ಇಲ್ಲಿರಬಹುದು, ಇಲ್ಲದಿದ್ದರೆ ಗಂಟು ಕಟ್ಟಬೇಕು. ಹುಡುಕಬೇಕಾದ ವರ್ಷದಲ್ಲೇ ಕಂಪನಿಗಳೆಲ್ಲ ಬಾಗಿಲು ಎಳೆದುಕೊಂಡು ಒಳಗೆ ಕುಳಿತಿದ್ದವು. ಅವಳು ಹಾಕಿದ ಅರ್ಜಿಗಳನ್ನು ಎಣಿಸುವ ಕೆಲಸವನ್ನು ಯಾರೂ ಹೇಳದಿದ್ದರೂ ನಾನು ವಹಿಸಿಕೊಂಡಿದ್ದೆ.

‘ಇದು ಸೇರಿ ನಲವತ್ತೊಂದಾಯ್ತು ಕಣೇ.’

‘ಎಣಿಸುದು ನಿಲ್ಲಿಸು ಮಾರಾಯ್ತಿ. ಎಣಿಸಿದ್ರೆ ಜಾಸ್ತಿ ಆಗ್ತದೆ.’

ಇಂಥ ಹೊತ್ತಿನಲ್ಲಿ ಆ ಪಾರ್ಸೆಲ್ ಬಂತು. ಬೂಟಿಗೆ ಹಿಮ ಮೆತ್ತಿಕೊಂಡಿದ್ದ ಅಂಚೆಯವನು ಅದನ್ನು ಬಾಗಿಲ ಬಳಿ ಇಟ್ಟು, ನಾವು ಬರುವ ಮೊದಲೇ ಹಿಂದೆ ಸರಿದು ನಿಂತು, ದೂರದಿಂದಲೇ ಕೈ ಬೀಸಿದ. ಶರಧಿ ಅದನ್ನು ಟೋಕಿಯೋದಿಂದ ತರಿಸಲು ಹೇಳಿ ತಿಂಗಳುಗಳೇ ಆಗಿದ್ದವು. ವಿಮಾನಗಳು ನಿಂತು ಅಂಚೆ ಎಲ್ಲೆಲ್ಲಿಯೋ ಸುತ್ತಿ ಬರುತ್ತಿತ್ತು. ಅವಳು ಪೊಟ್ಟಣವನ್ನು ಕತ್ತರಿಯಿಂದ ಕೂದಲು ಕತ್ತರಿಸುವಷ್ಟು ನಾಜೂಕಾಗಿ ಬಿಡಿಸಿದಳು. ಒಳಗೆ ಒಂದು ಸಿ.ಡಿ., ಮುಖಪುಟದಲ್ಲಿ ಅವಳ ಪ್ರೀತಿಯ ಹುಡುಗಿಯರು ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ಗುಂಪಿನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಅವರ ಅಭಿಮಾನಿಗಳ ಕೈಗೆ ಸಿಕ್ಕಿಬೀಳುವ ಧೈರ್ಯ ನನಗಿಲ್ಲ. ಜಪಾನಿನ ಸಿ.ಡಿ.ಗಳಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಸುತ್ತಿರುತ್ತಾರೆ. ನಾನು ಅದನ್ನು ಕಸಕ್ಕೆ ಹಾಕಲು ಕೈ ಚಾಚಿದೆ.

‘ಮುಟ್ಬೇಡ! ಅದು ಅದರ ಡಾಬು. ಡಾಬು ಇಲ್ಲದ ಸಿ.ಡಿ.ಗೆ ಮರ್ಯಾದೆ ಇಲ್ಲ.’

‘ಏನಿದೆ ಇದರಲ್ಲಿ ಅಂಥದ್ದು?’

‘ಅವರ ಬೆಸ್ಟ್ ಹಾಡುಗಳು ಎಲ್ಲ ಉಂಟು. ಜಪಾನಿನವರಿಗೆ ಅಂತ ಜಪಾನಿಯಲ್ಲಿ ಪುನಃ ಹಾಡಿದ್ದು.’

‘ಅಂದ್ರೆ ಡಬ್ಬಿಂಗಾ?’

ಕನ್ನಡದವರ ಮಧ್ಯೆ ಈ ಒಂದು ಶಬ್ದ ಎಷ್ಟು ರಕ್ತ ಕುದಿಸಬಲ್ಲದೆಂದು ನಿಮಗೆ ಗೊತ್ತೇ ಇದೆ. ಶರಧಿ ಸಿ.ಡಿ.ಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ‘ಡಬ್ಬಿಂಗ್ ಅಲ್ಲ! ಬೇರೆಯವರು ಹಾಡಿದ್ರೆ ಡಬ್ಬಿಂಗ್. ಇದು ಅವರೇ, ಅವರದ್ದೇ ಬಾಯಿ. ಜಪಾನಿ ಕಲಿತು, ಪುನಃ ಸ್ಟುಡಿಯೋಕ್ಕೆ ಹೋಗಿ, ಒಂದೊಂದು ಹಾಡೂ ಮೊದಲಿನಿಂದ ಹಾಡಿದ್ದು. ನಿನಗೆ ಎಂತ ಗೊತ್ತುಂಟು?’ ನನಗೆ ಎಂತದೂ ಗೊತ್ತಿರಲಿಲ್ಲ. ಒಂದು ಮಾತ್ರ ಗೊತ್ತಿತ್ತು: ನಮ್ಮ ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರವೇ ಇರಲಿಲ್ಲ. ನಮ್ಮ ಲ್ಯಾಪ್‌ಟಾಪುಗಳಿಗೂ ಅದನ್ನು ನುಂಗುವ ಬಾಯಿ ಇರಲಿಲ್ಲ. ಹೇಳಿದಾಗ ಅವಳು ನನ್ನನ್ನು ಕರುಣೆಯಿಂದ ನೋಡಿದಳು. ‘ಇದು ಹಾಕ್ಲಿಕ್ಕೆ ಅಲ್ಲ, ಇಟ್ಕೊಳ್ಳಿಕ್ಕೆ.’ ಅವಳ ಅಭಿಮಾನಿ ಬಳಗದಲ್ಲಿ ಯಾರ ಮನೆಯಲ್ಲೂ ಯಂತ್ರವಿಲ್ಲವಂತೆ, ಸಿ.ಡಿ. ಮಾತ್ರ ಎಲ್ಲರಲ್ಲೂ ಇದೆಯಂತೆ.

ಕೇಳದ ಹಾಡಿಗೆ ಟೋಕಿಯೋದಿಂದ ತರಿಸಿದ ಡಾಬು ಎಂಬುದು ನನ್ನ ವ್ಯವಸ್ಥಿತ ಬುದ್ಧಿಗೆ ಹಿಡಿಸಲಿಲ್ಲ. ಹಿಮ ಕರಗಿದ ವಾರ, ಬೀದಿಯಲ್ಲಿ ಜನ ಬೇಡವಾದ ದೊಡ್ಡ ಸಾಮಾನುಗಳನ್ನು ಮನೆ ಮುಂದೆ ಇಡುವ ಸಂಜೆ, ಮುರುಕು ಸೋಫಾ ಒಂದರ ಮೇಲೆ ಬೂದು ಬಣ್ಣದ ಸಿ.ಡಿ. ಪ್ಲೇಯರ್ ಒಂದು ಮಹಾರಾಜನಂತೆ ಕುಳಿತಿತ್ತು. ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಅದು ಹಾಡುತ್ತಿತ್ತು, ಆದರೆ ಮುಂದೆ ಹೋಗುವ ಗುಂಡಿ ಕೆಟ್ಟಿತ್ತು. ಬೇಕಾದ ಹಾಡಿಗೆ ಜಿಗಿಯುವಂತಿಲ್ಲ, ನಿಲ್ಲಿಸಿದರೆ ಮತ್ತೆ ಒಂದನೆಯದರಿಂದ ಆರಂಭ. ಹಾಗಾಗಿ ನಾವು ಆ ಆಲ್ಬಮ್ಮನ್ನು ಸಹಸ್ರನಾಮದಂತೆ ಮೊದಲಿನಿಂದ ಕೊನೆಯವರೆಗೆ, ಕ್ರಮ ತಪ್ಪದೆ ಕೇಳಿದೆವು. ಕೆಲವೇ ದಿನಗಳಲ್ಲಿ ಅದು ನಮ್ಮ ಗಡಿಯಾರವಾಯಿತು. ಎರಡನೇ ಹಾಡಿಗೆ ಅಕ್ಕಿ ತೊಳೆಯುವುದು, ಐದನೆಯದಕ್ಕೆ ಒಗ್ಗರಣೆ, ಎಂಟನೆಯದು ನಿಧಾನದ ಹಾಡು, ಆಗ ಶರಧಿ ಕಿಟಕಿ ಬಳಿ ನಿಂತು ಕಾಲುವೆ ನೋಡುವುದು.

ನೋಡುವುದು ಎಂದೆ, ನಿಂತು ನೋಡಿದ್ದು ಆ ಒಂದು ಹಾಡಿಗೆ ಮಾತ್ರ. ಉಳಿದಂತೆ ಅವಳು ಆ ಚಳಿಗಾಲದಲ್ಲಿ ನಿಂತದ್ದೇ ನಾನು ಕಾಣೆ. ರಾತ್ರಿಗೆ ಕರ್ಫ್ಯೂ ಬಂದಿತ್ತು, ದಿನಸಿ ಬಿಟ್ಟು ಉಳಿದ ಅಂಗಡಿಗಳು ಮುಚ್ಚಿದ್ದವು, ಗ್ರಂಥಾಲಯದಲ್ಲಿ ಕುರ್ಚಿಗಳನ್ನು ಮಗುಚಿ ಇಟ್ಟಿದ್ದರು. ಅಡುಗೆಮನೆಯ ಸಿಂಕಿನಿಂದ ಬಾಗಿಲಿಗೆ, ಬಾಗಿಲಿನಿಂದ ಸಿಂಕಿಗೆ ಅವಳು ಅಡ್ಡಾಡುತ್ತಿದ್ದಳು. ನಾನು ಕೋಣೆಯೊಳಗೆ ಕುಳಿತು ಥೀಸಿಸ್ ಬರೆಯುವ ನೆಪದಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದೆ. ಹೊರಗೆ ಹೋಗಲು ಕಾರಣ ಬೇಕೆಂದು ಒಂದೊಂದೇ ಈರುಳ್ಳಿ ತರುತ್ತಿದ್ದೆವು.

ಶರಧಿ ಆ ಹಾಡುಗಳ ಪದಗಳನ್ನು ಎಲ್ಲಿಂದಲೋ ಹುಡುಕಿ, ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು, ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಜಪಾನಿ ಭಾಷೆ ಕನ್ನಡ ಲಿಪಿಯೊಳಗೆ ಹೊಲಿಸಿದ ಅಂಗಿಯಂತೆ ಕೂತಿತು. ಅರ್ಥ ಅವಳಿಗೂ ಗೊತ್ತಿರಲಿಲ್ಲ, ಅದು ಅವಳಿಗೆ ದೊಡ್ಡದೂ ಆಗಿರಲಿಲ್ಲ. ಅರ್ಥವಿಲ್ಲದೆ ಬಾಯಿಪಾಠ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ? ಸಂಜೆ ದೀಪ ಹಚ್ಚಿದ ಮೇಲೆ ಕಾಲು ಮಡಚಿ ಕುಳಿತು ಮಗ್ಗಿ, ವಾರ, ತಿಂಗಳು, ನಕ್ಷತ್ರ, ಆಮೇಲೆ ಸಂಸ್ಕೃತದ ಶ್ಲೋಕಗಳನ್ನು ಒಂದೇ ಉಸಿರಿಗೆ ಒಪ್ಪಿಸಿದವರು ನಾವು. ಒಲೆಯ ಮುಂದೆ ನಿಂತು ಅವಳು ಹೇಳಿಕೊಡುತ್ತಿದ್ದಳು, ನಾನು ಸೌಟು ಆಡಿಸುತ್ತಾ ಒಪ್ಪಿಸುತ್ತಿದ್ದೆ. ಹಾಡುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದೆ. ನನ್ನ ಗಂಟಲಿನ ಮೇಲೆ ನನಗೆ ಶಾಲೆಯ ದಿನಗಳಿಂದಲೂ ವಿಶ್ವಾಸವಿಲ್ಲ.

ಅವಳ ಅಮ್ಮ ಉಡುಪಿಯಿಂದ ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡುತ್ತಿದ್ದರು. ತುಳುವಿನಲ್ಲಿ ಮಾತು. ನನಗೆ ಅದರಲ್ಲಿ ತಿಳಿಯುತ್ತಿದ್ದದ್ದು ಎರಡೇ, ಊಟವಾಯಿತೇ ಎಂಬುದು ಮತ್ತು ಯಾವಾಗ ಬರುತ್ತೀ ಎಂಬುದು. ಅಮ್ಮನ ಜೊತೆ ಮಾತನಾಡುವಾಗ ಶರಧಿಯ ದನಿ ತಗ್ಗುತ್ತಿತ್ತು, ವೇಗ ಹೆಚ್ಚುತ್ತಿತ್ತು, ನಗು ಬೇರೆಯಾಗುತ್ತಿತ್ತು. ಒಂದು ದಿನ ಪಾತ್ರೆ ಒರೆಸುತ್ತಾ ನನಗೆ ಹೊಳೆಯಿತು: ನನ್ನ ಜೊತೆಗಿನ ಕನ್ನಡ ಅವಳು ಶಾಲೆಯಲ್ಲಿ ಕಲಿತದ್ದು. ಎರಡು ವರ್ಷದಿಂದ ನಾನು ಕೇಳುತ್ತಿರುವುದೂ ಅವಳ ಜಪಾನಿ ಆಲ್ಬಮ್ಮೇ. ಹೇಳಿದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ‘ಹೌದು, ನಿನಗೆ ಅಂತ ಸ್ಪೆಷಲ್ ಎಡಿಷನ್. ಡಾಬು ಹಾಕಿ ಇಟ್ಕೋ.’

ಮಾರ್ಚಿನಲ್ಲಿ ಜರ್ಮನಿಯ ಗಡಿ ಬಳಿಯ ನೈಮೆಗನ್ ಊರಿನ ಚಿಪ್ ತಯಾರಿಸುವ ಕಂಪನಿಯೊಂದರಿಂದ ಸಂದರ್ಶನದ ಕರೆ ಬಂತು, ಆನ್‌ಲೈನ್‌ನಲ್ಲಿ. ಸಿಲಿಕಾನ್ ಬಿಲ್ಲೆಗಳಲ್ಲಿ ಕಣ್ಣಿಗೆ ಕಾಣದ ದೋಷ ಪತ್ತೆ ಮಾಡುವುದು ಅವಳು ಓದಿದ್ದ ವಿದ್ಯೆ, ಕೆಲಸವೂ ಅದೇ. ಪರವಾನಗಿ ಮುಗಿಯುವ ಮೊದಲು ಇನ್ನೊಂದು ಇಂಥ ಕರೆ ಬರುವುದು ಅನುಮಾನವೆಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆ ದಿನ ಅವಳು ಒಗ್ಗರಣೆ ಹಾಡಿನ ಮಧ್ಯೆಯೇ ಪ್ಲೇಯರ್ ನಿಲ್ಲಿಸಿದಳು.

‘ನಾನು ಪರಿಚಯ ಡಚ್ಚಲ್ಲಿ ಮಾಡಿಕೊಳ್ತೇನೆ.’

‘ನಿಂಗೆ ಡಚ್ ಎಲ್ಲಿ ಬರತ್ತೆ? ಅಂಗಡಿಯವನಿಗೆ ಥ್ಯಾಂಕ್ಸ್ ಹೇಳೋದು ಬಿಟ್ರೆ?’

‘ಇವರಿಗೆ ಜಪಾನಿ ಹುಟ್ಟುವಾಗಲೇ ಬರ್ತಿತ್ತಾ?’ ಎಂದು ಸಿ.ಡಿ.ಯ ಮುಖಪುಟ ತೋರಿಸಿದಳು. ‘ಕೇಳುವವರ ಭಾಷೆಯಲ್ಲಿ ಹಾಡಿದ್ರು, ಅವರು ಎತ್ತಿಕೊಂಡ್ರು. ನೀನು ಬರೆದು ಕೊಡು, ನಾನು ಬಾಯಿಪಾಠ ಮಾಡ್ತೇನೆ.’

ಹೀಗೆ ಡಚ್ ಪರಿಚಯ ಗೋಡೆ ಏರಿತು. ನಾನು ಇಂಗ್ಲಿಷಿನಲ್ಲಿ ಬರೆದೆ, ಕಂಪ್ಯೂಟರು ಅದನ್ನು ಡಚ್ ಮಾಡಿ ಓದಿ ಹೇಳಿತು, ಶರಧಿ ಕೇಳಿ ಕೇಳಿ ಕನ್ನಡ ಅಕ್ಷರಕ್ಕಿಳಿಸಿದಳು. ‘ಖೂಡೆ ಮೊರ್ಖೆನ್, ಇಕ್ ಬೆನ್ ಶರಧಿ’ ಎಂದು ಆರಂಭ, ಶುಭೋದಯ, ನಾನು ಶರಧಿ ಎಂದರ್ಥ. ಡಚ್ ಭಾಷೆ ಜಪಾನಿಯಂತೆ ವಿನಯದಿಂದ ಕೂರಲಿಲ್ಲ. ಗಂಟಲು ಕೆರೆಯುವ ಅಕ್ಷರಕ್ಕೆ ಒಂದು ಚುಕ್ಕೆ, ತುಟಿ ಮುಂದೆ ಮಾಡುವ ಸ್ವರಕ್ಕೆ ಒಂದು ಸೊನ್ನೆ ಎಂದು ಗುರುತು ಹಾಕಿಕೊಂಡಳು. ಕೊನೆಗೆ ಮನುಷ್ಯಳಂತೆ ಕಾಣಲಿ ಎಂದು ಒಂದು ಸಾಲು ಸೇರಿಸಿದ್ದು ನಾನೇ: ಅಡುಗೆ ಮಾಡುವುದೆಂದರೆ ನನಗೆ ಬಹಳ ಇಷ್ಟ, ಮಳೆ ಬಂದರೂ ಸೈಕಲ್ ತುಳಿಯುತ್ತೇನೆ.

ಸಂದರ್ಶನದ ಬೆಳಿಗ್ಗೆ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆವು, ಅಡುಗೆಮನೆಯಲ್ಲಿ ಮಾತ್ರ ಬೆಳಕು ಚೆನ್ನಾಗಿತ್ತು. ನಾನು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಉಸಿರು ಹಿಡಿದು ನಿಂತೆ. ಪರದೆಯ ಮೇಲೆ ಇಬ್ಬರಿದ್ದರು: ನರೆಗೂದಲಿನ ಒಬ್ಬ ಹೆಂಗಸು, ಗಡ್ಡದ ಒಬ್ಬ ಯುವಕ. ಶರಧಿ ಆರಂಭಿಸಿದಳು. ಎಂಥ ಆರಂಭ! ಒಂದು ತಡೆಯಿಲ್ಲ, ಒಂದು ತೊದಲಿಲ್ಲ. ಶ್ಲೋಕ ಒಪ್ಪಿಸಿದ ಗಂಟಲು, ಕೊರಿಯಾದ ತಾಳ ಅರೆದು ಕುಡಿದ ಕಿವಿ. ಹೆಂಗಸಿನ ಮುಖ ಅರಳಿತು. ಆಕೆ ಮುಂದಕ್ಕೆ ಬಾಗಿ, ಸಲುಗೆಯಿಂದ, ಉದ್ದವಾಗಿ, ಡಚ್ಚಿನಲ್ಲಿ ಏನೋ ಹೇಳಿ, ಕೊನೆಯಲ್ಲಿ ದನಿ ಏರಿಸಿ ನಿಲ್ಲಿಸಿದಳು.

ಅದು ಪ್ರಶ್ನೆ ಎಂಬುದು ನಮಗಿಬ್ಬರಿಗೂ ತಿಳಿಯಿತು. ಬೇರೇನೂ ತಿಳಿಯಲಿಲ್ಲ.

ಶರಧಿಯ ಕಣ್ಣು ಗೋಡೆಗೆ ಹೋಯಿತು. ಗೋಡೆಯ ಮೇಲೆ ಇನ್ನೂ ಒಂದೇ ಸಾಲು ಉಳಿದಿತ್ತು. ಅವಳು ನಗುನಗುತ್ತಾ, ಅಪ್ಪಟ ಡಚ್ಚಿನಲ್ಲಿ ಅದನ್ನೇ ಹೇಳಿದಳು.

ಹೆಂಗಸಿನ ಹುಬ್ಬು ಮೇಲೇರಿತು. ಆಮೇಲೆ ಗಡ್ಡದವನು ಮೈಕ್ ಮುಚ್ಚಿಕೊಂಡು ನಕ್ಕ; ಮುಚ್ಚಿಕೊಂಡದ್ದು ಕಾಣುತ್ತಿತ್ತು, ಭುಜ ಕುಣಿಯುತ್ತಿತ್ತು. ಅವನೇ ಇಂಗ್ಲಿಷಿನಲ್ಲಿ ವಿವರಿಸಿದ: ಇಷ್ಟು ಚೆನ್ನಾಗಿ ಡಚ್ ಎಲ್ಲಿ ಕಲಿತಿರಿ ಎಂದು ಆಕೆ ಕೇಳಿದ್ದು. ಅಡುಗೆಮನೆಯಲ್ಲಿ ಮತ್ತು ಮಳೆಯಲ್ಲಿ ಎಂದು ಇವಳು ಉತ್ತರ ಕೊಟ್ಟಂತಾಗಿತ್ತು. ಶರಧಿ ಕೆಂಪಗಾಗಿ, ಇಂಗ್ಲಿಷಿಗೆ ಬಂದು, ಇದ್ದದ್ದನ್ನು ಇದ್ದಂತೆ ಹೇಳಿದಳು. ತನ್ನ ಡಚ್ ಇಲ್ಲಿಗೆ ಮುಗಿಯಿತು, ಇನ್ನೊಂದು ವಾಕ್ಯವೂ ಇಲ್ಲ, ಆದರೆ ಬೇಕಾದರೆ ಜಪಾನಿಯಲ್ಲಿ ಹಾಡಬಲ್ಲೆ ಎಂದೂ ಸೇರಿಸಿದಳು. ಹೆಂಗಸು ನಗಲಿಲ್ಲ. ‘ಸರಿ, ಈಗ ಬಿಲ್ಲೆಗಳ ಬಗ್ಗೆ ಮಾತನಾಡೋಣ’ ಎಂದಳು. ಮುಂದಿನದು ನನಗೆ ಅರ್ಥವಾಗುವ ವಿಷಯವಲ್ಲ. ಶರಧಿ ಕೈಯಾಡಿಸಿ, ಚಿತ್ರ ಬರೆದು, ಎರಡು ಸಲ ‘ಇದು ನನಗೆ ಗೊತ್ತಿಲ್ಲ’ ಎಂದದ್ದು ಮಾತ್ರ ತಿಳಿಯಿತು. ತಿಳಿಸುತ್ತೇವೆ ಎಂದು ಅವರು ಪರದೆಯಿಂದ ಮಾಯವಾದರು.

‘ಅಡುಗೆ ಅಂತ ಸೇರಿಸು ಅಂದದ್ದು ಯಾರು?’ ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ಶುರುವಾಯಿತು.

‘ನಾನು. ಆದ್ರೆ ಪ್ರಶ್ನೆ ಕೇಳಿದ ಮೇಲೆ ಅದನ್ನ ಹೇಳು ಅಂದಿರಲಿಲ್ಲ.’

‘ಬಾಯಿಪಾಠ ಅಂದ್ರೆ ಹಾಗೆಯೇ. ಮಧ್ಯದಲ್ಲಿ ನಿಲ್ಲಿಸ್ಲಿಕ್ಕೆ ಆಗುದಿಲ್ಲ.’

‘ಗೊತ್ತಿಲ್ಲದ ಭಾಷೇಲಿ ಬಾಯಿ ಹಾಕು ಅಂತ ನಿನಗೆ ಹೇಳಿದ್ದು ಆ ಹುಡುಗಿಯರು. ಹೋಗಿ ಅವರನ್ನ ಕೇಳು.’

‘ಅವರಿಗೆ ಯಾರೂ ಹಾಡಿನ ಮಧ್ಯೆ ಪ್ರಶ್ನೆ ಕೇಳುದಿಲ್ಲ!’ ಎಂದಳು. ಇಬ್ಬರೂ ನಗಬಹುದಿತ್ತು, ನಗಲಿಲ್ಲ. ಅವಳು ಬಾಗಿಲು ಹಾಕಿಕೊಂಡಳು.

ಆಮೇಲಿನ ದಿನಗಳನ್ನು ನಾವು ನಡೆದು ಕಳೆದೆವು. ಕಾಲುವೆಯ ಈ ದಡದಲ್ಲಿ ಹೋಗಿ ಆ ದಡದಲ್ಲಿ ಬರುವುದು, ಮಾಸ್ಕ್ ಒದ್ದೆಯಾಗುವಷ್ಟು ನಡೆಯುವುದು. ಫೋನ್ ಅವಳ ಕೈಯಲ್ಲೇ ಇರುತ್ತಿತ್ತು, ಅದರ ಪರದೆ ಕತ್ತಲಾದೊಡನೆ ಬೆರಳಿನಿಂದ ಎಬ್ಬಿಸುವಳು. ಮನೆಯಲ್ಲಿ ಪ್ಲೇಯರ್ ಹಾಕಿದರೆ ಮೂರನೇ ಹಾಡಿಗೇ ನಿಲ್ಲಿಸುವಳು, ಮತ್ತೆ ಹಾಕುವಳು, ಮತ್ತೆ ಒಂದನೆಯದು. ಅಕ್ಕಿ ತೊಳೆದಲ್ಲೇ ಇರುತ್ತಿತ್ತು. ಒಗ್ಗರಣೆಯ ಹಾಡು ಬರುತ್ತಲೇ ಇರಲಿಲ್ಲ. ನನ್ನ ದಿನಚರಿಯಲ್ಲಿ ಆ ವಾರಗಳ ಕಾಫಿಯ ಲೆಕ್ಕ ನೋಡಿದರೆ ಈಗಲೂ ಎದೆ ಬಡಿದುಕೊಳ್ಳುತ್ತದೆ.

ಅಷ್ಟು ಲೆಕ್ಕ ಇಡುವವಳು ಒಂದು ಸರಳ ಲೆಕ್ಕವನ್ನು ಮಾಡಿರಲಿಲ್ಲ. ಸೇತುವೆಯ ಮೇಲೆ ನಡೆಯುತ್ತಿದ್ದಾಗ ಶರಧಿಯೇ ಮಾಡಿ ತೋರಿಸಿದಳು.

‘ಕೆಲಸ ಸಿಕ್ಕಿದ್ರೆ ನೈಮೆಗನ್. ಸಿಗದಿದ್ರೆ ಉಡುಪಿ. ಹೇಗಾದರೂ ನಿನಗೆ ಅಡುಗೆಮನೆ ಪೂರ್ತಿ ಸಿಗ್ತದೆ, ಅಲ್ವಾ?’

ತಮಾಷೆಗೆ ಹೇಳಿದಳು. ನನ್ನ ಕಾಲು ಅಲ್ಲೇ ನಿಂತಿತು. ಅವಳಿಗೆ ಕೆಲಸ ಸಿಗಲಿ ಎಂದು ನಾನು ಬೆಳಿಗ್ಗೆ ಎದ್ದೊಡನೆ ಹಾರೈಸುತ್ತಿದ್ದೆ. ಅವಳು ಇಲ್ಲೇ ಇರುತ್ತಾಳೆ ಎಂದಾಗ ನನ್ನ ಮನಸ್ಸಿನಲ್ಲಿದ್ದ ‘ಇಲ್ಲಿ’ ಈ ದೇಶವಾಗಿರಲಿಲ್ಲ, ಆ ಒಲೆಯ ಪಕ್ಕವಾಗಿತ್ತು. ‘ಚಳಿಯಾಗ್ತಿದೆ, ನಡಿಯೇ’ ಎಂದಷ್ಟೇ ಹೇಳಿ ಅವಳಿಗಿಂತ ಮುಂದೆ ನಡೆದೆ.

ಏಪ್ರಿಲಿನಲ್ಲಿ ಕರೆ ಬಂತು. ಆ ನರೆಗೂದಲಿನ ಹೆಂಗಸೇ ಮಾಡಿದ್ದಳು. ಗೊತ್ತಿಲ್ಲ ಎಂದು ಎರಡು ಸಲ ಹೇಳಿದ್ದು ತನಗೆ ಹಿಡಿಸಿತೆಂದೂ, ಬಂದ ಮೇಲೆ ಡಚ್ ಕಲಿಯಬೇಕೆಂದೂ, ಈ ಸಲ ಅರ್ಥ ಸಮೇತ ಎಂದೂ ಹೇಳಿದಳಂತೆ. ಶರಧಿ ಮೊದಲು ಅಮ್ಮನಿಗೆ ತುಳುವಿನಲ್ಲಿ ಹೇಳಿದಳು, ಆಮೇಲೆ ನನ್ನನ್ನು ಎತ್ತಿ ಸುತ್ತಿದಳು. ಕೊರೋನಾದ ದೂರವೆಲ್ಲ ಆ ಹೊತ್ತಿಗೆ ಮರೆತುಹೋಯಿತು. ಆ ಸಂಜೆ ಆಲ್ಬಂ ಕೊನೆಯವರೆಗೂ ಹಾಡಿತು. ನಾನು ನಕ್ಕೆ, ಪಾಯಸ ಮಾಡಿದೆ, ದಿನಚರಿಯಲ್ಲಿ ‘ಪಾಯಸ. ಗೋಡಂಬಿ ಹೆಚ್ಚಾಯಿತು’ ಎಂದು ಬರೆದೆ.

ಜೂನಿನಲ್ಲಿ ಅವಳು ಹೊರಟಳು. ಮೊದಲ ವರ್ಷ ಎರಡು ರೈಲು ಬದಲಿಸಿ ನಾನು ಹೋಗುತ್ತಿದ್ದೆ, ಅವಳೂ ಬರುತ್ತಿದ್ದಳು. ಆಮೇಲೆ ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಶನಿವಾರಗಳು ಬೇರೆ ಕೆಲಸಗಳಿಗೆ ಹೋದವು. ಹುಟ್ಟುಹಬ್ಬಕ್ಕೊಂದು, ಯುಗಾದಿಗೊಂದು ಸಂದೇಶ. ಅವಳು ಈಗ ಸಭೆಗಳನ್ನು ಡಚ್ಚಿನಲ್ಲಿ ನಡೆಸುತ್ತಾಳಂತೆ. ನಾನು ಇಷ್ಟು ವರ್ಷವಾದರೂ ಬೇಕರಿಯಲ್ಲಿ ಬೆರಳು ತೋರಿಸುತ್ತೇನೆ.

ಮೊನ್ನೆ ರೋಟರ್‌ಡ್ಯಾಮಿನಲ್ಲಿ ಇಳಿದವಳು ಆಫೀಸಿನ ಕಡೆ ಹೋಗದೆ ಪ್ಲಾಟ್‌ಫಾರ್ಮಿನಲ್ಲೇ ನಿಂತು ಶರಧಿಗೆ ಫೋನ್ ಮಾಡಿದೆ. ಅವಳು ಅವಸರದಲ್ಲಿ ಹೆಸರು ನೋಡದೆ ಎತ್ತಿರಬೇಕು, ಡಚ್ಚರಂತೆ ‘ಮೆಟ್ ಶರಧಿ’, ಅಂದರೆ ಶರಧಿ ಮಾತನಾಡುತ್ತಿದ್ದೇನೆ, ಎಂದಳು. ಆಮೇಲೆ, ‘ಅಯ್ಯೋ ನೀನಾ! ಎಂತ ಆಯ್ತು?’

‘ಏನೂ ಆಗಿಲ್ಲ ಕಣೇ. ರೈಲಲ್ಲಿ ನಮ್ಮ ಹಾಡು ಕೇಳಿಸ್ತು.’

‘ಯಾವ ಹಾಡು?’

‘ಅದೇ, ಆಲ್ಬಮ್ಮಿನ ಎರಡನೇದು.’

‘ಯಾವ ಆಲ್ಬಂ?’

‘ಒಲೆ ಮೇಲೆ ಪದ ಬರೆದು ಅಂಟಿಸಿದ್ಯಲ್ಲ, ಅದು’ ಎಂದೆ. ‘ಓ, ಆ ಜಪಾನಿದಾ!’ ಎಂದು ನಕ್ಕಳು. ‘ಆ ಸಿ.ಡಿ. ಎಲ್ಲಿ ಹೋಯ್ತೋ ಮಾರಾಯ್ತಿ. ಅದನ್ನೆಲ್ಲ ಕೇಳುದು ಬಿಟ್ಟು ಎಷ್ಟು ಕಾಲ ಆಯ್ತು. ಎರಡನೇದು ಯಾವುದು? ಹಾಡು ನೋಡುವ.’

ಹಾಡುವುದೆಂದರೆ! ಒಪ್ಪಿಸಲು ಹೇಳಿದ್ದರೆ ಒಪ್ಪಿಸುತ್ತಿದ್ದೆ. ಬೆಳಗಿನ ಜನ ಎರಡೂ ಕಡೆಯಿಂದ ಹರಿಯುತ್ತಿದ್ದರು, ಸೈಕಲ್ ಹಿಡಿದವನೊಬ್ಬ ನಾನು ದಾರಿಗೆ ಅಡ್ಡವೆಂದು ಗಂಟೆ ಬಾರಿಸಿದ. ನಾನು ಕಂಬದ ಹಿಂದೆ ಸರಿದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಹಾಡಿದೆ. ಮೊದಲ ಸಾಲು ಹೇಗೋ ಹೋಯಿತು. ಎರಡನೆಯ ಸಾಲಿಗೆ ದನಿ ಒಡೆಯಿತು, ಮೂರನೆಯದಕ್ಕೆ ಸರಿಯಾಯಿತು. ಅರ್ಥ ಗೊತ್ತಿಲ್ಲದ ಆ ಪದಗಳು ಒಂದೂ ತಪ್ಪದೆ ಸಾಲಾಗಿ ಬಂದವು. ಫೋನ್ ಕಡಿದುಹೋಯಿತೆಂದುಕೊಂಡೆ. ಆಮೇಲೆ ಸಣ್ಣಗೆ, ಬಾಯಿ ಮುಚ್ಚಿಕೊಂಡು ಗುನುಗುವ ದನಿ ಕೇಳಿಸಿತು, ನನಗಿಂತ ಒಂದು ಹೆಜ್ಜೆ ಹಿಂದೆ.

‘ಏ, ನಿಲ್ಲಿಸ್ಬೇಡ’ ಎಂದಳು ಶರಧಿ. ‘ರಾಗ ನೆನಪುಂಟು. ಪದ ಹೇಳಿಕೊಡು.’

ನಾನು ಕೈ ಕೆಳಗಿಳಿಸಿ, ಮೊದಲಿನಿಂದ ಹೇಳಿಕೊಡತೊಡಗಿದೆ.